ಅಕ್ಕನ ಯಾಚ್ಟು, ನನ್ನ ಇಪ್ಪತ್ತೊಂದು ಭಯ

ನಮ್ಮಕ್ಕ ಹಡಗು ತಗೊಂಡಳು.

ಹೀಗೆಂದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಮಾತು: "ಮೊಮ್ಮಗನಿಗಾ?" ಅಲ್ಲ ಸ್ವಾಮಿ, ಆಟಿಕೆಯಲ್ಲ. ಐವತ್ತೆರಡು ಅಡಿ ಉದ್ದ, ಎರಡು ಅಂತಸ್ತು, ಮೂರು ಬೆಡ್‌ರೂಮು. ಬಾತ್‌ರೂಮಿನ ಕನ್ನಡಿಯಲ್ಲಿ ನಾನು ಕೂಡ ಚೆನ್ನಾಗಿ ಕಾಣುತ್ತೇನೆಂದು ಹೇಳುತ್ತಾರೆ. ಲಕ್ಷುರಿ ಮೋಟಾರ್ ಯಾಟ್. ಬೆಲೆ ಮಾತ್ರ ಕೇಳಬೇಡಿ. ಹೇಳಿದರೆ ನೀವು ಇಲ್ಲಿಗೇ ಪೇಪರ್ ಮಡಚಿಡುತ್ತೀರಿ, ನನ್ನ ಅಂಕಣ ಅರ್ಧಕ್ಕೇ ನಿಲ್ಲುತ್ತದೆ.

ನಾವಿರುವುದು ದಾವಣಗೆರೆಯಲ್ಲಿ. ಊರಿನ ಹೆಸರಿನಲ್ಲೊಂದು ಕೆರೆ ಇದೆ, ಒಪ್ಪಿದೆ. ಕೊಂಡಜ್ಜಿಗೆ ಹೋದರೆ ಇನ್ನೊಂದು ಸಿಗುತ್ತದೆ. ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ, ಬೇಸಿಗೆಯಲ್ಲಿ ಕೆಲವು ಕಡೆ ಪ್ಯಾಂಟು ಮಡಚಿಕೊಂಡೇ ದಾಟಬಹುದು. ಸಮುದ್ರ ಬೇಕೆಂದರೆ ಅರ್ಧ ದಿನ ಕಾರಿನಲ್ಲಿ ಕೂರಬೇಕು. ಇಂಥ ಊರಿನಲ್ಲಿದ್ದು, ಮಲೆಬೆನ್ನೂರಿನಲ್ಲಿ ಎರಡು ರೈಸ್ ಮಿಲ್ ನಡೆಸುವ, ಅರವತ್ತು ದಾಟಿದ ಹೆಂಗಸಿಗೆ ಹಡಗು ಯಾಕೆ?

ಈ ಪ್ರಶ್ನೆ ಮೊದಲು ಕೇಳಿದ್ದು ನಾನಲ್ಲ, ನಮ್ಮ ಬಸಣ್ಣ ಭಾವ. ಅಂದರೆ ಅಕ್ಕನ ಗಂಡ. ಒಂದು ಬೆಳಿಗ್ಗೆ ಸರಸ್ವತಿ ನಗರದ ನಮ್ಮ ಮನೆಗೆ ಬಂದವರು, ಕಾಫಿ ಲೋಟ ಕೆಳಗಿಟ್ಟು ಸುತ್ತ ನೋಡಿದರು.

"ಲೇ ಶಿವು, ನಿಮ್ಮಕ್ಕ ಯಾಚ್ಟು ತಗಂತಾಳಂತೆ." (ಭಾವ ಇಂಗ್ಲಿಷಿನ ಯಾವ ಅಕ್ಷರಕ್ಕೂ ಅನ್ಯಾಯ ಮಾಡುವವರಲ್ಲ.)

"ಯಾಚ್ಟು ಅಂದ್ರೆ?"

"ಹಡಗಲೇ. ಗೋವಾದಾಗ ನೋಡಿ ಬಂದಾಳೆ. ನಾಳಿದ್ದು ಮತ್ತೆ ಹೊಂಟಾಳೆ, ಸಹಿ ಮಾಡಾಕ. ನೀನೂ ಜೊತಿಗೆ ಹೋಗು. ಹೆಂಗಾರ ಮಾಡಿ ಬ್ಯಾಡ ಅನ್ಸು."

"ನೀವೇ ಹೇಳ್ರಿ ಭಾವ. ನಾನ್ಯಾಕ?"

"ನಾ ಹೇಳಿದ್ರೆ ತಗಳ್ಳಾದು ಗ್ಯಾರಂಟಿ ಆಗ್ತೈತೆ. ಹೆದರ್ಸೋ ಕೆಲಸಕ್ಕೆ ನಿನ್ನ ಬಿಟ್ರೆ ನಮ್ಮ ಮನೆತನದಾಗ ಯಾರದಾರೆ ಹೇಳು?"

ಯಾರೂ ಇಲ್ಲ. ಈ ಅಂಕಣವನ್ನು ವಾರವಾರ ಓದುವ ನಿಮಗೆ ಅದು ಗೊತ್ತು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವನು ನಾನು. ನಾಲ್ಕನೇ ಸಲ ಎಳೆದಾಗ ಕಿತ್ತು ಬಂದೀತೆಂಬ ಹೆದರಿಕೆಗೆ ಮೂರಕ್ಕೇ ನಿಲ್ಲಿಸುವವನೂ ನಾನೇ.

ನನ್ನ ಹೆಂಡತಿ ಸುಮಾ ಒಳಗಿನಿಂದಲೇ ಅಂದಳು: "ಪಟ್ಟಿ ಬರ್ಕೊಂಡು ಹೋಗ್ರಿ. ನಿಮಗೆ ಅದೊಂದು ಚೆನ್ನಾಗಿ ಬರ್ತೈತೆ."

ಬರೆದುಕೊಂಡೆ. ಹಡಗಿನಿಂದ ಆಗಬಹುದಾದ ಅನಾಹುತಗಳು ಒಟ್ಟು ಇಪ್ಪತ್ತೊಂದು. ಮೊದಲನೆಯದು, 'ಜನ ಏನಂತಾರೆ?' ಎರಡನೆಯದರಿಂದ ಸಮುದ್ರ ಶುರು.

ಪಣಜಿಯಲ್ಲಿ ನದಿ ದಂಡೆಗೆ ಗಾಜಿನ ಆಫೀಸು. ಅದರ ಮುಂದೆ ಮರದ ಕಟ್ಟೆ, ಕಟ್ಟೆಗೆ ಕಟ್ಟಿದ ಹಡಗು, ಬೆಳ್ಳಗೆ, ಈಗ ತಾನೇ ಸ್ನಾನ ಮಾಡಿ ಬಂದಂತೆ. ಸೇಲ್ಸ್‌ನವರ ಹೆಸರು ರಿತೇಶ್, ಕಾರವಾರದವರು, ಕನ್ನಡ ಬರುತ್ತದೆ. ನಮ್ಮೆದುರು ಚೀಸ್ ತುಂಡುಗಳ ತಟ್ಟೆ ಇಟ್ಟರು. ಅಕ್ಕ ಬ್ಯಾಗಿನಿಂದ ಮಂಡಕ್ಕಿ ಡಬ್ಬಿ ತೆಗೆದು ಅದರ ಪಕ್ಕಕ್ಕಿಟ್ಟಳು. ಯಾವುದು ಮೊದಲು ಖಾಲಿಯಾಯಿತೆಂದು ಹೇಳಬೇಕಿಲ್ಲ, ಖಾಲಿ ಮಾಡಿದವರಲ್ಲಿ ರಿತೇಶ್ ಕೂಡ ಇದ್ದರು.

"ಸರ್, ಸೋಫಾಗೆ ಯಾವ ಕಲರ್ ಇಷ್ಟ?" ರಿತೇಶ್ ನನ್ನನ್ನು ಕೇಳಿದರು.

"ಅವನ್ನೇನು ಕೇಳ್ತೀರಿ?" ಅಂದಳು ಅಕ್ಕ. "ಅವನು ಹೆದರಾಕ ಬಂದಾನೆ. ತಗಳ್ಳಾಕಿ ನಾನು."

ಸರಿ, ಬಂದ ಕೆಲಸ ಶುರು ಮಾಡಿದೆ. ಗಂಟಲು ಸರಿ ಮಾಡಿಕೊಂಡು ಪಟ್ಟಿ ತೆಗೆದೆ. ಮೊದಲನೆಯದನ್ನು ಹಾರಿಸಿದೆ. (ಮನೆಯ ಮಾತನ್ನು ಹೊರಗಿನವರೆದುರು ಓದುವುದು ಹೇಗೆ?)

"ಹಡಗು ತೂಗಾಡಿದ್ರೆ? ವಾಂತಿ ಬಂದ್ರೆ?"

"ಅದಕ್ಕೆ ಅಪ್‌ಗ್ರೇಡ್ ಇದೆ ಸರ್," ಅಂದರು ರಿತೇಶ್. ಗೈರೋ ಅಂತೆ. ಹಡಗಿನ ಹೊಟ್ಟೆಯಲ್ಲಿ ಒಂದು ಭಾರಿ ಚಕ್ರ ಬುಗುರಿಯ ಹಾಗೆ ತಿರುಗುತ್ತಲೇ ಇರುತ್ತದೆ. ಹೊರಗೆ ಅಲೆ ಎಷ್ಟು ಕುಣಿದರೂ ಒಳಗೆ ಕಾಫಿ ಲೋಟ ಅಲ್ಲಾಡುವುದು ಕಡಿಮೆ.

"ಹಾಕ್ರಿ ಅದನ್ನ," ಅಂದಳು ಅಕ್ಕ.

"ನಡು ಸಮುದ್ರದಾಗ ಕರೆಂಟ್ ಹೋದ್ರೆ?"

"ಎರಡನೇ ಜನರೇಟರ್. ಅಪ್‌ಗ್ರೇಡ್ ಇದೆ."

"ಹಾಕ್ರಿ."

"ತಳಕ್ಕೆ ನೀರು ನುಗ್ಗಿದ್ರೆ?"

"ಪಂಪ್ ಇರುತ್ತೆ ಸರ್. ಅದು ಕೆಟ್ರೆ ಇನ್ನೊಂದು ಪಂಪ್, ಅದಕ್ಕೆ ಬೇರೆ ಬ್ಯಾಟರಿ. ನೀರು ಬಂದ ತಕ್ಷಣ ಮೇಡಂ ಫೋನಿಗೆ ಅಲಾರಂ. ಅಪ್‌ಗ್ರೇಡ್."

"ಹಾಕ್ರಿ."

ಯಾರಾದರೂ ನೀರಿಗೆ ಬಿದ್ದರೆ? ಕೈಗೆ ವಾಚಿನಂಥ ಒಂದು ಬೆಲ್ಟು ಕೊಡುತ್ತಾರೆ. ಕಟ್ಟಿಕೊಂಡವರು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಕತ್ತಲಲ್ಲಿ ಎದುರಿಗೆ ಇನ್ನೊಂದು ಬೋಟು ಬಂದರೆ? ಕತ್ತಲಲ್ಲೂ ಕಾಣುವ ಕ್ಯಾಮೆರಾ. ಕಟ್ಟೆಗೆ ತಂದು ನಿಲ್ಲಿಸುವಾಗ ಗುದ್ದಿದರೆ? ಹಡಗನ್ನು ಅಡ್ಡಡ್ಡ ಸರಿಸಲು ಮುಂದೊಂದು ಸಣ್ಣ ಫ್ಯಾನು. ನಾನು ಒಂದೊಂದು ಭಯ ಓದುವುದು, ರಿತೇಶ್ ಅದಕ್ಕೊಂದು ಹೆಸರು ಹೇಳುವುದು, ಅಕ್ಕ 'ಹಾಕ್ರಿ' ಅನ್ನುವುದು. ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ನನಗೆ ಹೊಳೆಯಿತು. ಹಡಗು ತಪ್ಪಿಸಲು ಬಂದವನು ಅದನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದೇನೆ.

"ಸರ್ ಥರ ಕಸ್ಟಮರ್ ಸಿಗೋದೇ ಅಪರೂಪ," ಅಂದರು ರಿತೇಶ್. ಪಾಪ, ಮನಸ್ಸಿನಿಂದ ಹೇಳಿದರು.

ಲಕ್ಷುರಿ ಅಂದರೆ ಸುಖ ಎಂದುಕೊಂಡಿದ್ದೆ ನಾನು. ಅಲ್ಲವಂತೆ. ಬ್ರೋಷರ್ ಓದಿ ನೋಡಿ, ಪುಟಪುಟದಲ್ಲೂ ಇರುವುದು ಯಾರದೋ ಹೆದರಿಕೆ, ಪಾಲಿಶ್ ಹಾಕಿದ್ದು. ನಮ್ಮ ಮನೆಯನ್ನೇ ತಗೊಳ್ಳಿ. ಕರೆಂಟ್ ಹೋದೀತೆಂದು ಇನ್ವರ್ಟರ್, ನೀರು ಕೆಟ್ಟೀತೆಂದು ಫಿಲ್ಟರ್, ಸಿಲಿಂಡರ್ ಮುಗಿದೀತೆಂದು ಇಂಡಕ್ಷನ್ ಒಲೆ, ಒಂದು ಫೋನ್ ಕೈಕೊಟ್ಟೀತೆಂದು ಇನ್ನೊಂದು. ಸಾಮಾನು ಅಂತ ನಾವು ಕರೆಯುವುದರಲ್ಲಿ ಅರ್ಧಕ್ಕರ್ಧ ನಮ್ಮ ಭಯವೇ ಅಲ್ಲವೇ? ನಿಮ್ಮ ಮನೆಯಲ್ಲೂ ಒಂದು ಸುತ್ತು ಹಾಕಿ ಬನ್ನಿ. ನಾನು ಕಾಯುತ್ತೇನೆ.

ಆಮೇಲೆ ಟೆಸ್ಟ್ ರೈಡ್. ಹಡಗು ಹತ್ತುವ ಮುಂಚೆ ಚಪ್ಪಲಿ ಬಿಡಬೇಕಂತೆ, ಮರದ ನೆಲಕ್ಕೆ ಗೀರು ಬೀಳುತ್ತದೆ. "ಇದು ಚೊಲೋ ಪದ್ಧತಿ," ಅಂದ ಅಕ್ಕ ಗುಡಿಯ ಮೆಟ್ಟಿಲು ಹತ್ತಿದಂತೆ ಹತ್ತಿಬಿಟ್ಟಳು. ನಾನು ಹತ್ತಲಿಲ್ಲ. ಚಪ್ಪಲಿ ಕಾಯಲು ಒಬ್ಬರು ಬೇಕಲ್ಲ.

ಅಕ್ಕನ ಚಪ್ಪಲಿ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುಕ್ಕಾಲು ಗಂಟೆ ಕೂತೆ. ಹಡಗು ತಿರುಗಿ ಬಂದಾಗ ಮೇಲಿನ ಅಂತಸ್ತಿನಲ್ಲಿ ಸ್ಟೀರಿಂಗ್ ಹಿಡಿದು ನಿಂತವಳು ಅಕ್ಕ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕ್ಯಾಪ್ಟನ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮಿಲ್ಲಿಗೆ ಹೋದಾಗಲೆಲ್ಲ ಅವಳನ್ನು ನೋಡುತ್ತೇನೆ. ಆ ಮುಖ ಅಲ್ಲಿ ನೋಡಿರಲಿಲ್ಲ.

ಇಳಿದು ಬಂದು ಚಪ್ಪಲಿ ಮೆಟ್ಟುತ್ತ ಕೇಳಿದಳು: "ಹರಿಹರದಾಗ ಹರಗೋಲು ನೆನಪೈತಾ?"

ನೆನಪಿಲ್ಲದೆ ಏನು? ನದಿ ಆಚೆಗೆ ಸೋದರಮಾವನ ಹೊಲ. ಸೇತುವೆ ಬಳಸಿ ಹೋದರೆ ದೂರವೆಂದು ಅವ್ವ ನಮ್ಮನ್ನು ಹರಿಗೋಲಿನಲ್ಲಿ ಕರೆದೊಯ್ಯುತ್ತಿದ್ದಳು. ದುಂಡನೆಯ ಬುಟ್ಟಿ, ಅಂಚಿನಲ್ಲಿ ಹುಟ್ಟು ಹಿಡಿದ ಹನುಮಂತಜ್ಜ, ನಡುವೆ ನಾವು.

"ನಾ ಹುಟ್ಟು ಹಾಕ್ತೀನಿ ಅಂತ ಪ್ರತಿ ಸಲ ಕೇಳ್ತಿದ್ದೆ. ಬಾರವ್ವ ಅಂತಿದ್ದ ಹನುಮಂತಜ್ಜ. ಅಷ್ಟೊತ್ತಿಗೆ ನೀ ಅಳಾಕ ಶುರು. 'ಗಿರಿಜಾ, ತಮ್ಮನ್ನ ಹಿಡ್ಕೊಂಡು ನಡುವೆ ಕೂಡು' ಅನ್ನಾಕಿ ಅವ್ವ. ಒಂದು ಸಲನಾದ್ರೂ ಅಂಚಿಗೆ ಹೋದ್ನಾ?"

ಬೇರೆ ಯಾರದೋ ಕಥೆ ಹೇಳುವಂತೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ನನ್ನ ಭಯ ಇಷ್ಟು ವರ್ಷ ನನ್ನೊಬ್ಬನ ಸ್ವತ್ತು ಎಂದುಕೊಂಡಿದ್ದೆ. ಅದರ ಜೊತೆಗೆ ಇನ್ನೊಬ್ಬರನ್ನೂ ನಡುವೆ ಕೂರಿಸಿದ್ದೆ ಎಂದು ಗೊತ್ತಿರಲಿಲ್ಲ.

ಆಫೀಸಿಗೆ ಬಂದೆವು. ಕಾಗದ ಸಿದ್ಧವಾಗಿತ್ತು, ಪೆನ್ನೂ. ಅಕ್ಕ ಪೆನ್ನು ಕೈಗೆತ್ತಿಕೊಂಡವಳು ನಿಲ್ಲಿಸಿ ಕೇಳಿದಳು: "ಅಡುಗಿಮನ್ಯಾಗ ಒಲಿ ಕಾಣ್ಲಿಲ್ಲಲ್ರಿ?"

"ಆ ಕರಿ ಗಾಜು ಇತ್ತಲ್ಲ ಮೇಡಂ, ಅದೇ ಒಲೆ. ಇಂಡಕ್ಷನ್."

"ಬೆಂಕಿ?"

"ಬೆಂಕಿ ಇರಲ್ಲ. ಸೇಫ್ಟಿ. ನಾವು ಗ್ಯಾಸ್ ಹಾಕಲ್ಲ."

"ಮತ್ತೆ ಜೋಳದ ರೊಟ್ಟಿ ಹೆಂಗೆ ಉಬ್ತೈತೆ?"

ರಿತೇಶ್ ಬ್ರೋಷರ್ ತಿರುವಿದರು. ಯಾರಿಗೋ ಫೋನ್ ಮಾಡಿದರು. ಆ ದಿನ ಮೊದಲ ಸಲ ಆ ಮಾತು ಅವರ ಬಾಯಿಂದ ಬಂತು: "ಅದಕ್ಕೆ ಅಪ್‌ಗ್ರೇಡ್ ಇಲ್ಲ ಮೇಡಂ."

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ಹಂಗಾರೆ ಬ್ಯಾಡ ಬಿಡ್ರಿ. ನಾಕು ದಿನ ನೀರಿನ ಮ್ಯಾಲೆ ಕುಂತು ಬ್ರೆಡ್ ತಿನ್ನಾಕ ನನಗೇನು ಜ್ವರ ಬಂದೈತಾ?" ಅಂದು ಎದ್ದೇ ಬಿಟ್ಟಳು.

ಯೋಚಿಸಿ. ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು. ಇಪ್ಪತ್ತೊಂದು ಭಯಕ್ಕೆ ಆಗದ ಕೆಲಸ ಒಂದು ರೊಟ್ಟಿಯಿಂದ ಆಗಿತ್ತು. ಊರಿಗೆ ಹೋದರೆ ಭಾವನಿಂದ ಬೆಣ್ಣೆ ದೋಸೆ ಖಚಿತ. ಅಕ್ಕ ಬ್ಯಾಗು ಹೆಗಲಿಗೇರಿಸಿ ಬಾಗಿಲತ್ತ ಹೊರಟಳು. ಗಾಜಿನಾಚೆ ಕಾಣುತ್ತಿದ್ದ ಹಡಗಿನ ಕಡೆ ಒಂದು ಸಲವೂ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅದು ನನಗೆ ಕಂಡಿತು.

"ಉಬ್ತೈತಕ್ಕ," ಅಂದೆ.

"ಏನು?"

"ರೊಟ್ಟಿ. ಇಂಡಕ್ಷನ್ ಮ್ಯಾಲೆ. ಸಿಲಿಂಡರ್ ಮುಗಿದ್ರೆ ಇರ್ಲಿ ಅಂತ ನಾನೇ ಒಂದು ತಂದಿಟ್ಟೀನಿ. ತಳ ಸಪಾಟ ಇರೋ ಕಬ್ಬಿಣದ ಹಂಚು ಬೇಕು. ಸುಮಾ ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸ್ತಾಳೆ."

"ನೀ ನೋಡಿಯಾ?"

"ತಿಂದೀನಿ."

ಅಕ್ಕನಿಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ. ಅಲ್ಲೇ ನಿಂತು ಸುಮಾಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಹೌದಕ್ಕ, ಉಬ್ತೈತೆ. ಸ್ವಲ್ಪ ತಡ ಆಗ್ತೈತೆ ಅಷ್ಟೆ," ಅಂದಳು ಸುಮಾ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅದಿರ್ಲಿ, ನಿಮ್ಮ ತಮ್ಮ ಬ್ಯಾಡ ಅನ್ಸಾಕ ಬಂದಿದ್ರಲ್ಲ, ಆತಾ ಇಲ್ಲಾ?"

ಗಾಜಿನ ಆಫೀಸಿನಲ್ಲಿ ಅಡಗಿ ಕೂರಲು ಜಾಗವಿರುವುದಿಲ್ಲ.

"ನಿಮ್ಮ ಭಾವ ಕಳಿಸ್ಯಾರೆ ಅಂತ ನನಗೆ ಕಾರು ಹತ್ತುವಾಗ್ಲೇ ಗೊತ್ತಿತ್ತಲೇ," ಅಂದ ಅಕ್ಕ ತಿರುಗಿ ಬಂದು ಕೂತಳು. ಸಹಿ ಮಾಡುವ ಮುಂಚೆ ಕೈಚಾಚಿ ನನ್ನ ಪಟ್ಟಿ ಇಸಿದುಕೊಂಡಳು. "ಮೊದಲನೇದು ಓದ್ಲೇ ಇಲ್ಲಲ್ಲ. ಜನ ಏನಂತಾರೆ?"

"ಅದಕ್ಕೆ ನಮ್ಮಲ್ಲಿ ಏನೂ ಇಲ್ಲ ಸರ್," ಅಂದರು ರಿತೇಶ್.

"ಅವರು ದಂಡಿ ಮ್ಯಾಲೇ ಇರ್ತಾರೆ ಬಿಡ್ರಿ. ಹಡಗಿನಾಗ ಅವರಿಗೇನು ಕೆಲಸ?" ಅಂದ ಅಕ್ಕ ಸಹಿ ಹಾಕಿದಳು. ಮುಕ್ಕಾಲು ಗಂಟೆ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದವನಿಗೆ ಅದು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

ಕಳೆದ ವಾರ ಹಡಗಿಗೆ ಪೂಜೆ. ನಾನು ಹೋಗಲಿಲ್ಲ, ನೆಗಡಿ. (ನೀವು ನಂಬಬೇಕಿಲ್ಲ. ಯಾರೂ ನಂಬಿಲ್ಲ.) ಅಕ್ಕ ಹರಿಹರದಿಂದ ಕ್ಯಾನಿನಲ್ಲಿ ತುಂಗಭದ್ರೆಯ ನೀರು ಒಯ್ದಿದ್ದಳಂತೆ. ಹೊಸ ಗಾಡಿಯ ಅಭ್ಯಾಸದಲ್ಲಿ ನಾಲ್ಕು ನಿಂಬೆಹಣ್ಣನ್ನೂ ಒಯ್ದು, ಚಕ್ರ ಎಲ್ಲಿ ಎಂದು ಕೇಳಿದಾಗ ರಿತೇಶ್ ಮೇಲಿನ ಅಂತಸ್ತಿಗೆ ಕರೆದೊಯ್ದು ಸ್ಟೀರಿಂಗ್ ತೋರಿಸಿದರಂತೆ. ಒಂದು ನಿಂಬೆಹಣ್ಣು ಅಲ್ಲಿಟ್ಟು, ಉಳಿದ ಮೂರರಲ್ಲಿ ಶರಬತ್ತು ಮಾಡಿ ಎಲ್ಲರಿಗೂ ಕೊಟ್ಟಳಂತೆ.

ಇಷ್ಟೂ ವಿಷಯ ಹೇಳಿದ್ದು ಬಸಣ್ಣ ಭಾವ. ಫೋಟೋನೂ ಕಳಿಸಿದ್ದಾರೆ. ಬಿಳಿ ಕ್ಯಾಪ್ಟನ್ ಟೋಪಿ ಹಾಕಿಕೊಂಡು, ಹಡಗಿನ ಮೂತಿಗೆ ನಿಂತು, ಹಲ್ಲೆಲ್ಲ ಕಾಣುವಂತೆ ನಗುತ್ತಿರುವವರು ಅವರೇ. ಕೆಳಗೆ ಬರೆದಿದ್ದಾರೆ: 'ನಮ್ಮ ಯಾಚ್ಟು.'

ನಿನ್ನೆ ಅಕ್ಕನ ಫೋನ್. ರೊಟ್ಟಿ ಉಬ್ಬಿತಂತೆ. ಸುಮಾ ಕೊಟ್ಟ ಹಂಚು ಚೊಲೋ ಐತಂತೆ. ಮುಂದಿನ ತಿಂಗಳು ಮತ್ತೆ ಹೋಗುತ್ತಾರಂತೆ, ಸುಮಾ ಆಗಲೇ ಹೂಂ ಅಂದಿದ್ದಾಳಂತೆ. ನನ್ನ ಬಗ್ಗೆ ಏನೂ ಕೇಳಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಫೋನ್ ಇಡಬೇಕು ಅನ್ನುವಷ್ಟರಲ್ಲಿ ಕೇಳಿದಳು:

"ನಿನ್ನ ಭಯ ಎಲ್ಲಾ ಹಡಗು ಹತ್ತಿ ಕುಂತಾವಲೇ ಶಿವು, ನೀ ಯಾವಾಗ ಹತ್ತಾದು?"