ಇಳಿಯದ ಕೈ

“ಹೆಣದ ಹಾಗೆ ಬಿದ್ಕೊಳ್ಳಿ. ಭುಜ ಸಡಿಲ ಬಿಡಿ, ಕೈ ಸಡಿಲ ಬಿಡಿ,” ಎಂದು ಶವಾಸನ ಹೇಳಿಕೊಡುವ ಟೀಚರ್ ಮೆಲುದನಿಯಲ್ಲಿ ಹೇಳುತ್ತಿದ್ದರು. ಎಂಬತ್ತರ ದಶಕದ ಮಾತು. ಬಿ.ಪಿ. ಇದ್ದ ನಾವೆಲ್ಲ ತುಮಕೂರಿನ ಸದಾಶಿವನಗರದ ಹಾಲೊಂದರಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದೆವು. ಆ ‘ಹೆಣ’ದ ಮಾತು ನನಗಂತೂ ಹಿಡಿಸುತ್ತಿರಲಿಲ್ಲ. ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದೆ. ಗುಬ್ಬಿಯಿಂದ ಹೊಸದಾಗಿ ಬಂದಿದ್ದ, ವಿಭೂತಿ ಧರಿಸಿದ್ದ ಹಿರಿಯರೊಬ್ಬರು ಗೋಡೆಗೊರಗಿ ಕೂತೇ ಇದ್ದರು. ಕಣ್ಣು ಮುಚ್ಚಿತ್ತು. ಬಲಗೈ ಮಾತ್ರ ಭುಜದ ಮಟ್ಟಕ್ಕೆ ಎದ್ದು, ಏನನ್ನೋ ಆನಿಸಿ ಹಿಡಿದಂತೆ ಗಾಳಿಯಲ್ಲಿ ನಿಂತಿತ್ತು.

ಟೀಚರ್ ಹತ್ತಿರ ಹೋಗಿ ಕೈ ಇಳಿಸಲು ಹೇಳಿದರು.

“ಬುಟ್ರೆ ಮಗ್ಳು ವಾಲ್ಬುಡ್ತಾಳೆ ಕಣಮ್ಮ,” ಎಂದರು ಅವರು, ಕಣ್ಣು ತೆರೆಯದೆ.

ಬಾಗಿಲ ಬಳಿ ಕೂತಿದ್ದ ಅವರ ಹೆಂಡತಿ ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಪೂಜೆ ಮಾಡಿ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಿಂದಿನ ತಿಂಗಳು ಮಗಳು ಹೆರಿಗೆಯಲ್ಲಿ ತೀರಿಕೊಂಡಾಗ, ಕುಣಿಗಲ್‌ನಿಂದ ಅಳಿಯ ಬರುವವರೆಗೂ ಅವಳ ತಲೆ ವಾಲದಂತೆ ಇವರೇ ಹಿಡಿದು ಕೂತಿದ್ದರಂತೆ. ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲವಂತೆ. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಕೈ ಏಳುತ್ತದೆ.

ಟೀಚರ್ ಅವರ ಪಕ್ಕದಲ್ಲೇ ಕೂತರು. ತಮ್ಮ ಕೈಯನ್ನೂ ಮೇಲೆತ್ತಿ ಅವರ ಕೈಗೆ ತಾಗಿಸಿದರು.

“ನಾನ್ ಹಿಡ್ಕೊಂಡಿದೀನಿ ಯಜಮಾನ್ರೇ. ನೀವು ಬಿಡಿ.”

ತುಂಬ ಹೊತ್ತಿನ ಮೇಲೆ ಆ ಕೈ ಮೆಲ್ಲಗೆ ತೊಡೆಗಿಳಿಯಿತು. ಟೀಚರ್ ಮಾತ್ರ ತಮ್ಮ ಕೈ ಇಳಿಸಲಿಲ್ಲ.

ಆ ತರಗತಿಯಿಂದ ನನ್ನ ಬಿ.ಪಿ. ಇಳಿದದ್ದು ನಿಜ. ಆದರೆ ಇಂದಿಗೂ ಕಣ್ಣು ಮುಚ್ಚಿ ಭುಜ ಸಡಿಲಿಸುವಾಗ, ನಾನು ಕಂಡೇ ಇರದ ಆ ಹುಡುಗಿಯ ತಲೆ ವಾಲೀತೇನೋ ಎಂದು ನನ್ನ ಕೈ ತಾನಾಗಿ ಏಳುತ್ತದೆ.