ಚಕ್ರದ ಮನೆಗಳ ಕರೆಂಟು ಕಾಕಾ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಾಂಬಾ ಊರಾಚೆ ರಸ್ತೆ ಬದಿಯಲ್ಲಿ ಹಳೆಯ ಟೆಂಪೊ ಒಂದು ನಿಂತಿದೆ. ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಕಾಲುಗಳ ಒಡೆಯರು ಶಮಶುದ್ದೀನ, ಅರವತ್ತರ ಆಸುಪಾಸಿನ ವೈರಿಂಗ್ ಮಿಸ್ತ್ರಿ. ಇವರ ಕೆಲಸ ನೋಡಲೆಂದು ಬಂದ ನಾನು ಮಾತಾಡಿಸಿದರೆ ಅಡಿಯಿಂದಲೇ ಉತ್ತರ ಕೊಡುತ್ತಾರೆ, ಮುಖ ನೋಡಲು ಕಾಯಬೇಕು.

ಟೆಂಪೊ ಅಂದೆನಲ್ಲ, ಅದು ಮನೆ. ಕಬ್ಬು ಕಟಾವು ಯಂತ್ರ ಓಡಿಸುವ ಅನಿಲ ಮತ್ತು ಹೆಂಡತಿ ಸುನಂದಾ ಹಂಗಾಮು ಮುಗಿಯುವ ತನಕ ಇದರಲ್ಲೇ ಉಣ್ಣುತ್ತಾರೆ, ಮಲಗುತ್ತಾರೆ. ಒಳಗೆ ಬ್ಯಾಟರಿ, ಇನ್ವರ್ಟರ್, ಫ್ಯಾನು, ಮೊಣಕಾಲೆತ್ತರದ ಫ್ರಿಜ್. ಫ್ರಿಜ್ಜಿನಲ್ಲಿ ಸುನಂದಾಳ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಇದೆ. ನಿನ್ನೆಯಿಂದ ಫ್ರಿಜ್ ಶುರುವಾದ ಕೂಡಲೇ ಇನ್ವರ್ಟರ್ ಕೀಂ ಎಂದು ಬಂದಾಗುತ್ತಿದೆ. ದಾರಿಯಲ್ಲಿ ಯಾರೋ ಹೊಸ ಬ್ಯಾಟರಿ ಹಾಕಿ ಕಳಿಸಿದ್ದಾರೆ. ಅದಕ್ಕೂ ಜಗ್ಗಿಲ್ಲ.

ಶಮಶುದ್ದೀನ ಬ್ಯಾಟರಿಯ ನೆಗೆಟಿವ್ ತುದಿಯಿಂದ ಗಾಡಿಯ ಕಬ್ಬಿಣಕ್ಕೆ ದಪ್ಪ ವೈರು ಹಿಡಿಯುತ್ತಾರೆ. ಫ್ರಿಜ್ ಗುರ್ ಎನ್ನುತ್ತದೆ. ವೈರು ತೆಗೆದರೆ ಮತ್ತೆ ಬಂದ್. ಬ್ಯಾಟರಿಯನ್ನು ಗಾಡಿಯ ಕಬ್ಬಿಣಕ್ಕೆ ಕೂಡಿಸುವ ಅರ್ಥಿಂಗ್ ಹಿಡಿದಿಲ್ಲ ಎಂದಾಯಿತು. ಅದರ ಬೋಲ್ಟು ಬಾಗಿಲ ಮೆಟ್ಟಿಲ ಕೆಳಗಿದೆ, ತುಕ್ಕು ತಿಂದು ಪುಡಿಯಾಗಿದೆ.

ಕಾರಣ ನೋಡಿದರೆ ಭಕ್ತಿ! ಇದು ಮನೆಯೂ ಹೌದು, ಗಾಡಿಯೂ ಹೌದು. ಹಾಗಾಗಿ ಸುನಂದಾ ಮೆಟ್ಟಿಲನ್ನೇ ಹೊಸ್ತಿಲೆಂದು ದಿನಾ ತೊಳೆದು ಅರಿಷಿಣ ಕುಂಕುಮ ಹಚ್ಚುತ್ತಾಳೆ. ಅಮಾವಾಸ್ಯೆಗೆ ಗಾಡಿ ಪೂಜೆಯೆಂದು ಅನಿಲ ಅದರ ಮೇಲೇ ಕಾಯಿ ಒಡೆಯುತ್ತಾನೆ. ನೀರೆಲ್ಲ ಬೋಲ್ಟಿನ ನೆತ್ತಿಗೆ. ಹಾಗಾದರೆ ಇನ್ನು ಪೂಜೆ ಬಿಡಬೇಕೇ ಎಂದು ಸುನಂದಾ ಅಳುಕುತ್ತ ಕೇಳುತ್ತಾಳೆ.

"ಪೂಜಿ ಬಿಡಬ್ಯಾಡ ಯವ್ವಾ. ಬೋಲ್ಟ್ ನಾ ಆಕಡಿ ಒಣ ಜಾಗಾಕ್ಕ ಸರಸ್ತೇನಿ" ಎನ್ನುತ್ತಾರೆ ಶಮಶುದ್ದೀನ. ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಹೊಸ ಬೋಲ್ಟು ಬಿಗಿದು ಗ್ರೀಸು ಸವರುತ್ತಾರೆ.

ಯಂಕಂಚಿಯ ಇವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಇಂಥ ಗಾಡಿಗಳನ್ನೇ ನೋಡುತ್ತಾರೆ. ಹಂಗಾಮಿನಲ್ಲಿ ದಿನಕ್ಕೆ ಮೂರು-ನಾಲ್ಕು. ಮಳೆಗಾಲದಲ್ಲಿ ವಾರಕ್ಕೊಂದು ಸಿಕ್ಕರೆ ಪುಣ್ಯ. ಹೆಂಡತಿ ಸುಲ್ತಾನಬಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಗಾಡಿ ಕೆಟ್ಟು ನಿಂತಷ್ಟು ಹೊತ್ತು ಜನ ಸುತ್ತ ಇರುತ್ತಾರೆ, ಕಾಕಾ ಕಾಕಾ ಎನ್ನುತ್ತಾರೆ, ಚಹಾ ಕೊಡುತ್ತಾರೆ. ದುರಸ್ತಿಯಾಯಿತೋ, ಹೊರಟೇಬಿಡುತ್ತಾರೆ.

"ಕೆಲಸ ಛಲೋ ಆತಂದ್ರ ಅವರು ಮತ್ತ ಬರೂದಿಲ್ರಿ. ನನ್ನ ಕೈಯಿಂದಾನ ನಾ ಒಬ್ಬಾವ ಆಗ್ತೇನಿ."

ಇವತ್ತೂ ಅಷ್ಟೇ. ಸುನಂದಾ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಾಳೆ, ನಾಲ್ವರೂ ನೆಲದಲ್ಲಿ ಕೂತು ತಿನ್ನುತ್ತೇವೆ. ಶಮಶುದ್ದೀನ ಒಂದೊಂದೇ ತುತ್ತು ನಿಧಾನಕ್ಕೆ ಮುರಿಯುತ್ತಾರೆ. ಆದರೆ ತಂಗಡಗಿ ಕಡೆಯ ಹೊಲದಲ್ಲಿ ಯಂತ್ರ ಕಾಯುತ್ತಿದೆ. ಅನಿಲ ಕೈ ತೊಳೆದವನೇ ಗಾಡಿ ಚಾಲೂ ಮಾಡುತ್ತಾನೆ. ಧೂಳು ಇಳಿಯುವ ತನಕ ಶಮಶುದ್ದೀನ ಅಲ್ಲೇ ನಿಂತಿರುತ್ತಾರೆ. ನನಗೆ ಸಂಕಟವಾಗುತ್ತದೆ. ದುರಸ್ತಿ ನಾಳೆ ಆಗುತ್ತದೆ ಅಂದಿದ್ದರೆ ಇವತ್ತೊಂದು ದಿನ ಇರುತ್ತಿದ್ದರಲ್ಲ ಎಂದು ಕೆಣಕುತ್ತೇನೆ.

"ಮನಸ್ಸಿಗೆ ಬಂದಿತ್ರಿ. ಆದ್ರ ಫ್ರಿಜ್ಜಿನಾಗ ಆಕಿ ಔಷಧ ಐತಲ್ಲ."

ಹಾಗಾದರೆ ಆಸೆಯೇನು ಎಂದರೆ, ಬೋಲ್ಟು ಬಿಗಿದ ಪಾನಾ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಒಂದ ಗಾಡಿ ಬಂದು ನಿಲ್ಲಬೇಕ್ರಿ. ಏನ್ ಕೆಟ್ಟೈತಿ ಅಂತ ನಾ ಕೇಳಬೇಕು. ಏನೂ ಕೆಟ್ಟಿಲ್ಲ ಕಾಕಾ, ಸುಮ್ನ ಬಂದೇವಿ ಅನ್ನಬೇಕು."