ರಾಜಾಜಿನಗರದ ಆರ್ಕೆಸ್ಟ್ರಾದವರ ಜೊತೆ ಕೆಂಗೇರಿಗೆ

ನವೆಂಬರ್ ತಿಂಗಳ ಒಂದು ಶನಿವಾರ ಬೆಳಗ್ಗೆ ತುಮಕೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆ. ಪಿಟೀಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ನಾವು ಐದು ಜನ ಸೇರಿ ಊರಿನಲ್ಲಿ ಕಟ್ಟಿದ್ದ ಆರ್ಕೆಸ್ಟ್ರಾದಲ್ಲಿ ಪ್ರತಿ ಕಾರ್ಯಕ್ರಮದ ನಂತರವೂ ಯಾರಾದರೊಬ್ಬರು ಮುನಿಸಿಕೊಂಡು ಹೋಗುತ್ತಿದ್ದರು. ನನ್ನ ಚಿಕ್ಕಪ್ಪನ ಮಗ ನಾಗರಾಜನ ತಂಡ ಮಾತ್ರ ರಾಜಾಜಿನಗರದಲ್ಲಿ ವರ್ಷಗಳಿಂದ ಒಡೆಯದೆ ನಡೆದುಕೊಂಡು ಬಂದಿತ್ತು. ಅದು ಹೇಗೆ ಸಾಧ್ಯವೆಂದು ಕಣ್ಣಾರೆ ನೋಡುವ ಆಸೆಯಿಂದ ಹೊರಟಿದ್ದೆ.

ಸಿಟಿ ಬಸ್ಸಿನಲ್ಲಿ ನಾಗರಾಜನ ಮನೆ ತಲುಪುವ ಹೊತ್ತಿಗೆ ಮಹಡಿಯ ಕೋಣೆಯಲ್ಲಿ ಅಭ್ಯಾಸ ಶುರುವಾಗಿತ್ತು. ನಾಗರಾಜ ತಬಲಾ ಮುಂದೆ ಕೂತಿದ್ದ. ಹಾಡುವವರು ಗಾಯತ್ರಿ, ಬಸವೇಶ್ವರನಗರದ ಶಾಲೆಯೊಂದರ ಟೀಚರು. ಅಕಾರ್ಡಿಯನ್ ನುಡಿಸುವವರು ಮಣಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸ. ನಾನು ಕೂರುವಷ್ಟರಲ್ಲೇ ಒಂದು ಹಾಡಿನ ವೇಗದ ಬಗ್ಗೆ ಜಗಳ.

"ನಿಮ್ಮ ಸ್ಪೀಡಿಗೆ ನನ್ನ ಉಸಿರು ಸಾಲಲ್ಲ ಮಣಿ," ಎಂದರು ಗಾಯತ್ರಿ.

"ನಿಧಾನ ಮಾಡಿದ್ರೆ ಜನ ಮಲಗ್ಬಿಡ್ತಾರೆ ಮೇಡಂ."

ಇಬ್ಬರೂ ಪಟ್ಟು ಬಿಡಲಿಲ್ಲ. ಚಿತ್ರಾನ್ನ ತಿನ್ನುವಾಗಲೂ ಒಬ್ಬರು ಕಿಟಕಿಯ ಕಡೆ, ಒಬ್ಬರು ಗೋಡೆಯ ಕಡೆ. ಇವರದ್ದೂ ನಮ್ಮ ಕಥೆಯೇ ಎನ್ನಿಸಿ ನನಗೆ ಪೆಚ್ಚಾಯಿತು.

ಮಧ್ಯಾಹ್ನ ಮೆಟಡೋರ್ ವ್ಯಾನಿನಲ್ಲಿ ವಿಜಯನಗರ ದಾಟಿ, ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೊರಟೆವು. ಸ್ಪೀಕರ್ ಡಬ್ಬಗಳ ನಡುವೆ ಕಾಲು ಚಾಚಲು ಜಾಗವಿರಲಿಲ್ಲ. "ಇವತ್ತು ಕಾರ್ಯಕ್ರಮ ಆಗತ್ತೇನೋ?" ಎಂದು ನಾಗರಾಜನ ಕಿವಿಯಲ್ಲಿ ಕೇಳಿದೆ. "ಸುಮ್ನೆ ನೋಡ್ತಾ ಇರು ಕಣೋ," ಎಂದ.

ಕೆಂಗೇರಿಯಲ್ಲಿ ರಾಜ್ಯೋತ್ಸವದ ವೇದಿಕೆ. ಬೀದಿಯ ಉದ್ದಕ್ಕೂ ಹಳದಿ ಕೆಂಪು ಬಾವುಟ, ಮನೆಗಳ ಮಹಡಿಯ ಮೇಲೂ ಜನ. ಸಂಜೆಯ ಮೂರನೆಯ ಹಾಡು ಬೆಳಗ್ಗೆ ಜಗಳವಾಡಿದ್ದ ಅದೇ ಹಾಡು. ಅದರ ಎರಡನೇ ಚರಣಕ್ಕೆ ಬಂದ ಗಾಯತ್ರಿಗೆ ಸಾಲೇ ಮರೆತುಹೋಯಿತು. ಮೈಕನ್ನು ಬಾಯಿಂದ ಕೆಳಗಿಳಿಸಿದರು. ಮಣಿ ಅವರತ್ತ ತಿರುಗಿ, ಚರಣದ ಮೊದಲ ಸಾಲನ್ನಷ್ಟೇ ಮೆಲ್ಲಗೆ ನುಡಿಸಿದರು. ಗಾಯತ್ರಿ ಕೇಳಿದ್ದ ನಿಧಾನದಲ್ಲಿ. ಮತ್ತೆ ಅದನ್ನೇ. ನಾಗರಾಜ ತಬಲಾದ ಸದ್ದು ಇಳಿಸಿದ. ಇನ್ನೊಮ್ಮೆ ನುಡಿಸಿದಾಗ ಗಾಯತ್ರಿಯ ದನಿ ಬಂತು. ಹಾಡಿನ ವರಸೆಯೇ ಹಾಗೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ವೇದಿಕೆಯ ಹಿಂದೆ ಗಾಯತ್ರಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಮಣಿ ಬಿಸಿನೀರಿನ ಲೋಟ ಕೊಟ್ಟರು. "ಕುಡೀರಿ ಮೇಡಂ. ಆದ್ರೂ ಆ ಹಾಡು ಸ್ಪೀಡಾಗೇ ಇರ್ಬೇಕು."

"ಸಾಧ್ಯಾನೇ ಇಲ್ಲ," ಎಂದು ಗಾಯತ್ರಿ ನಕ್ಕುಬಿಟ್ಟರು.

ಮಾರನೆಯ ಬೆಳಗ್ಗೆ ಮಣಿಯವರೇ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದರು. "ನಿನ್ನೆ ಅವರು ಸಾಲು ಮರೆತಾಗ ನಿಮ್ಮ ಕೈಚಳಕ ತೋರಿಸಬಹುದಿತ್ತಲ್ಲ?" ಎಂದು ಕೇಳಿದೆ.

"ಆ ಖಾಲಿನ ನಾನೇ ನುಡಿಸಿ ತುಂಬ್ಬಿಟ್ರೆ ಅವ್ರು ವಾಪಸ್ ಬರೋಕೆ ಜಾಗ ಎಲ್ಲಿರತ್ತೆ ಸಾರ್?" ಎಂದರು. "ನಿಮ್ಮಲ್ಲಿ ಯಾರಾದ್ರೂ ಮರೆತ್ರೆ ಏನ್ಮಾಡ್ತೀರಾ?"

"ಮರೆತದ್ದು ನಮಗೆ ಗೊತ್ತೇ ಆಗಲ್ಲ. ಎಲ್ಲರೂ ಜನರ ಕಡೆ ನೋಡ್ತಿರ್ತೀವಿ."

ಮಣಿ ಏನೋ ಹೇಳುವಷ್ಟರಲ್ಲಿ ರೈಲು ಬಂತು. ಕಿಟಕಿಯಿಂದ ನೋಡಿದೆ, ಅವರು ಕೈ ಬೀಸುತ್ತ ನಿಂತಿದ್ದರು.

ಮುಂದಿನ ಭಾನುವಾರ ತುಮಕೂರಿನ ನಮ್ಮ ಅಭ್ಯಾಸದ ಕೋಣೆಗೆ ಎಲ್ಲರಿಗಿಂತ ಮೊದಲು ಹೋಗಿ, ಸಾಲಾಗಿದ್ದ ಕುರ್ಚಿಗಳನ್ನು ಎದುರುಬದುರಾಗಿ ಹಾಕಿದೆ. ನಮ್ಮ ತಂಡದ ಕೊಳಲಿನವನು ಒಳಗೆ ಬಂದು, "ಇದೇನೋ ಹೊಸದು? ಇಸ್ಪೀಟಾಡೋಕಾ?" ಎಂದ.

"ಕೂತ್ಕೋ," ಎಂದೆ. ಅವನ ಮುಖ ನನಗೆ ಪೂರ್ತಿ ಕಾಣುತ್ತಿತ್ತು.